ಸತ್ಯಾಂಶ: ನೀರು ಜಾಸ್ತಿ ಹಾಕಿದರೆ ಕಾಂಕ್ರೀಟ್ ಗಟ್ಟಿಯಾಗುತ್ತಾ?

"ನೀರು ಧಾರಾಳವಾಗಿ ಸುರಿಯಿರಿ, ಕಾಂಕ್ರೀಟ್ ಸಲೀಸಾಗಿ ಹರಿದು ಕಲ್ಲಿನಂತಾಗುತ್ತದೆ" ಅನ್ನುವ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಹರಿಯುವುದು ನಿಜ. ಕಲ್ಲಾಗುವುದು ಸುಳ್ಳು.

ಸಿಮೆಂಟ್ ಸುಮ್ನೆ ಒಣಗಿ ಗಟ್ಟಿಯಾಗುವುದಿಲ್ಲ. ನೀರಿನ ಜೊತೆ ರಾಸಾಯನಿಕವಾಗಿ ಸೇರಿ ಗಟ್ಟಿಯಾಗುತ್ತದೆ. ಅದಕ್ಕೆ ಸಿಮೆಂಟಿನ ತೂಕದ ಸುಮಾರು 40% ನೀರು ಸಾಕು. ಕೈಯಲ್ಲಿ ಕಲಸಬೇಕಲ್ವಾ, 50% ಅಂತಿಟ್ಟುಕೊಳ್ಳಿ. ಅಂದರೆ 50 ಕೆಜಿ ಸಿಮೆಂಟಿಗೆ 25 ಲೀಟರ್. ಅದಕ್ಕಿಂತ ಜಾಸ್ತಿಯಾದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ನೀರು ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ ಎಂದು ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿದ್ದರು.

1:2:4 ಅಳತೆ (ಸಿಮೆಂಟ್, ಮರಳು, ಜಲ್ಲಿ) ಎಲ್ಲರಿಗೂ ಬಾಯಿಪಾಠ. ಎಡವುವುದು ಮರಳಿನಲ್ಲಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವ ಮರಳಿನಲ್ಲಿ ಆಗಲೇ ನೀರಿದೆ, ಅಷ್ಟನ್ನು ಬಕೆಟ್‌ನಿಂದ ಕಡಿಮೆ ಮಾಡಬೇಕು. ಒದ್ದೆ ಮರಳು ಉಬ್ಬಿಯೂ ಇರುತ್ತದೆ. ಹಾಗಾಗಿ ಅದೇ ಬುಟ್ಟಿಯಲ್ಲಿ ಅಳೆದರೂ ಮರಳು ಕಡಿಮೆ ಬೀಳುತ್ತದೆ.

ಮೊದಲು ಮರಳು, ಸಿಮೆಂಟ್ ಒಂದೇ ಬಣ್ಣಕ್ಕೆ ಬರುವವರೆಗೆ ಒಣದಾಗಿಯೇ ಕಲಸಿ. ಆಮೇಲೆ ಜಲ್ಲಿ. ನೀರು ಕೊನೆಗೆ, ಸ್ವಲ್ಪ ಸ್ವಲ್ಪ. ಕರಣೆಯಿಂದ ಗೆರೆ ಎಳೆದು ನೋಡಿ. ಗೆರೆಯಲ್ಲಿ ನೀರು ತುಂಬಿಕೊಂಡರೆ ಜಾಸ್ತಿಯಾಯಿತು ಅಂತಲೇ.