ಮೊದಲ ರಾತ್ರಿಯ ರಕ್ತಪರೀಕ್ಷೆ

ಹೆಣ್ಣು ಕನ್ಯೆಯೆಂದು ನೆಂಟರಿಗೆ ತೋರಿಸುವ ಬಿಳಿ ಬಟ್ಟೆಯ ಮೇಲೆ ಕಲೆ ಬೀಳಲೆಂದು, ಮೊದಲ ರಾತ್ರಿಗೆಂದೇ ನಕಲಿ ರಕ್ತದ ಕ್ಯಾಪ್ಸೂಲ್ ಮಾರುತ್ತಾರಂತೆ ಎಂದು ಎದೆ ಬಡಿದುಕೊಂಡವರು ಸ್ವಲ್ಪ ಸುಧಾರಿಸಿಕೊಳ್ಳಿ. ಈ ಇಡೀ ವ್ಯವಹಾರದಲ್ಲಿ ನಿಯತ್ತಿನ ಮನುಷ್ಯ ಆ ಮಾರುವವನೊಬ್ಬನೇ. ನೀವು ಕೇಳಿದ್ದು ಕೆಂಪು ಬಣ್ಣ, ಅವನು ಕೊಟ್ಟದ್ದೂ ಕೆಂಪು ಬಣ್ಣ. ಸುಳ್ಳು ಪರೀಕ್ಷೆಗೆ ಸುಳ್ಳು ಉತ್ತರ, ಲೆಕ್ಕ ಚುಕ್ತಾ.

ಪರೀಕ್ಷಕರ ವಿದ್ವತ್ತಿಗಂತೂ ಕೈ ಮುಗಿಯಬೇಕು. ಕನ್ಯಾಪೊರೆ ಅಂದರೆ ಒಳಗೆಲ್ಲೋ ಅಡ್ಡಲಾಗಿ ಬಿಗಿದಿಟ್ಟ ಸೀಲು ಅಂತ ಅವರ ನಂಬಿಕೆ. ಹಾಗಿದ್ದರೆ ತಿಂಗಳು ತಿಂಗಳು ಮುಟ್ಟಿನ ರಕ್ತ ಯಾವ ದಾರಿಯಲ್ಲಿ ಹೊರಬರುತ್ತದೆ ಸ್ವಾಮಿ? ಪೂರ್ತಿ ಮುಚ್ಚಿದ ಪೊರೆಯೊಂದಿಗೇ ಹುಟ್ಟುವವರು ಅಪರೂಪಕ್ಕೆ ಇದ್ದಾರೆ. ಅವರಿಗೆ ಮೈನೆರೆಯುವ ವಯಸ್ಸಾದರೂ ಮುಟ್ಟು ಕಾಣಿಸುವುದಿಲ್ಲ, ಹೊಟ್ಟೆನೋವು ಮಾತ್ರ ತಿಂಗಳಿಗೊಮ್ಮೆ ತಪ್ಪುವುದಿಲ್ಲ. ರಕ್ತ ಒಳಗೇ ಕಟ್ಟಿಕೊಂಡು, ಕೊನೆಗೆ ಡಾಕ್ಟರು ಕೊಯ್ದು ದಾರಿ ಮಾಡಬೇಕು. ಅಂದರೆ ನಿಮ್ಮ ಕನಸಿನ ಕನ್ಯೆ ವೈದ್ಯರ ಪಾಲಿಗೆ ತುರ್ತಾಗಿ ಚಿಕಿತ್ಸೆ ಬೇಕಾದ ರೋಗಿ.

ಮಿಕ್ಕವರಲ್ಲಿ ಅದು ಯೋನಿಯ ಬಾಯಂಚಿನ ಮೆತ್ತನೆಯ ಮಡಿಕೆ, ನಡುವೆ ಸಹಜವಾದ ತೂತು. ಹರೆಯದಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಏರಿದಾಗ ದಪ್ಪಗಾಗುತ್ತದೆ, ಜಡೆಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗರ್ಭಿಣಿಯರಾಗಿದ್ದ 36 ಹದಿಹರೆಯದವರ ಪೈಕಿ, ಸಂಭೋಗ ಆಗಿದೆಯೆಂದು ಖಚಿತವಾಗಿ ಹೇಳಬಲ್ಲ ಗುರುತು ಸಿಕ್ಕಿದ್ದು 2 ಮಂದಿಯಲ್ಲಿ. ಹೊಟ್ಟೆಯಲ್ಲಿ ಮಗುವಿದ್ದರೂ ಪೊರೆ ಬಾಯಿ ಬಿಡಲಿಲ್ಲ!

‘ಪಾಪ, ಸೈಕಲ್ ತುಳಿದು ಹರಿದಿರಬಹುದು’ ಎನ್ನುವ ಉದಾರಿಗಳಿಗೆ ಪ್ರತ್ಯೇಕ ನಮಸ್ಕಾರ. ಹುಡುಗಿಯನ್ನು ಬಿಟ್ಟು ಸೈಕಲ್ಲನ್ನು ಕಟಕಟೆಗೆ ಹತ್ತಿಸಿದಿರಿ, ಸೀಲಿನ ಮೇಲಿನ ನಂಬಿಕೆ ಮಾತ್ರ ಹಾಗೇ ಉಳಿಯಿತು.

ಹಾಗಾದರೆ ಕೆಲವರಿಗೆ ರಕ್ತ ಬರುವುದೇಕೆ? ಭಯಕ್ಕೆ ಯೋನಿಯ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ತೇವ ಇರುವುದಿಲ್ಲ, ಗಂಡಿಗೋ ಅವಸರ. ಒಣಗಿದ ಜಾಗ ಉಜ್ಜಿ ಗೀರಾಗುತ್ತದೆ, ಕೆಲವೊಮ್ಮೆ ಪೊರೆಯ ಅಂಚೂ ತುಸು ಹರಿಯಬಹುದು. ಅನೇಕರಿಗೆ ಒಂದು ಹನಿಯೂ ಬರುವುದಿಲ್ಲ. ಬಿಳಿ ಬಟ್ಟೆಯ ಮೇಲಿನ ಕಲೆ ಏನನ್ನಾದರೂ ಸಾಬೀತು ಮಾಡುವುದಿದ್ದರೆ ಹಲವು ಸಲ ಅವನ ದುಡುಕನ್ನೇ. ಅವಳು ಸಿದ್ಧವಾಗುವ ತನಕ ಕಾಯುವುದು, ನೋವೆಂದರೆ ನಿಲ್ಲಿಸುವುದು, ಬೇಕಿದ್ದರೆ ನೀರು ಆಧಾರಿತ ಜೆಲ್ ಹಚ್ಚುವುದು: ಇಷ್ಟು ಕಲಿಯಲು ಪದವಿ ಬೇಕಿಲ್ಲ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಸವೆದು ಹರಿಯುತ್ತದೆ. ಇನ್ನು ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಹೋದರೆ ನೆಂಟರಿಗೆ ತೋರಿಸುವುದಲ್ಲ, ಆಸ್ಪತ್ರೆಗೆ ಓಡುವುದು.

ಮೊದಲ ಸಲಕ್ಕೆ ಗರ್ಭ ನಿಲ್ಲುವುದಿಲ್ಲ ಎನ್ನುವ ಪಂಡಿತರೂ ಇದ್ದಾರೆ. ವೀರ್ಯಾಣು ಒಳಗೆ 5 ದಿನದವರೆಗೆ ಬದುಕಬಲ್ಲದು. ಇದು ಎಷ್ಟನೆಯ ಸಲ ಎಂದು ಅದು ವಿಚಾರಿಸಿಕೊಂಡು ಹೋಗುವುದಿಲ್ಲ.

ಕನ್ಯತ್ವ ಪರೀಕ್ಷೆಗೆ ವಿಜ್ಞಾನದ ಆಧಾರವೇ ಇಲ್ಲ, ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಮಾನವ ಹಕ್ಕು ಹಾಗೂ ಮಹಿಳಾ ವಿಭಾಗಗಳೂ 2018ರಲ್ಲೇ ಹೇಳಿಯಾಗಿದೆ. ಬೆರಳು ಹಾಕಿ ಬಿಗಿಯೋ ಸಡಿಲವೋ ನೋಡುವವರು ಕೇಳಿಸಿಕೊಂಡಿಲ್ಲ. ಬಿಗಿತ ಸ್ನಾಯುವಿನದು; ಹೆದರಿದರೆ ನಾಲ್ಕು ಹೆತ್ತವಳಿಗೂ ಬಿಗಿಯುತ್ತದೆ. ಎಷ್ಟು ಸಲ ಹೇಳುವುದು? ಒಂದು ಕಲೆ ಕಾಣಲಿಲ್ಲವೆಂದು ಹೆಣ್ಣುಮಕ್ಕಳನ್ನು ಬಡಿದಿದ್ದಾರೆ, ತವರಿಗೆ ಅಟ್ಟಿದ್ದಾರೆ, ಕೊಂದೂ ಇದ್ದಾರೆ. ಇಲ್ಲದ ಸೀಲಿಗಾಗಿ.

ಗಂಡಿನ ಕಡೆ ಪೊರೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಆದರೆ ಅಳತೆ ಇದೆ. 5 ದೇಶಗಳ 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ನಡೆಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಳಹೊಕ್ಕಾಗಿನಿಂದ ಸ್ಖಲನದವರೆಗಿನ ಕಾಲದ ಮಧ್ಯಾಂಕ 5.4 ನಿಮಿಷ, ಅಂದರೆ ಅರ್ಧದಷ್ಟು ಜೋಡಿಗಳದು ಅದಕ್ಕಿಂತ ಕಡಿಮೆ, ಅರ್ಧದಷ್ಟು ಜೋಡಿಗಳದು ಹೆಚ್ಚು. ಗಂಡಿನ ಆ ಅಳತೆಯನ್ನು ಬಿಳಿ ಬಟ್ಟೆಯ ಮೇಲೆ ಬರೆದು ಮರುದಿನ ಬೆಳಿಗ್ಗೆ ನೆಂಟರೆದುರು ಹರವಿದ ಮನೆತನ ಇನ್ನೂ ಹುಟ್ಟಿಲ್ಲ.