ಗ್ಯಾಟ್ಸ್‌ಬಿ ಪಾರ್ಟಿ: ಮಾಡುವ ವಿಧಾನ

ಅಮೆರಿಕದ ಅಧ್ಯಕ್ಷ ಟ್ರಂಪ್ ತಮ್ಮ ಫ್ಲೋರಿಡಾ ಬಂಗಲೆ ಮಾರ್-ಎ-ಲಾಗೊದಲ್ಲಿ ಕೊಟ್ಟ ಹ್ಯಾಲೋವೀನ್ ಪಾರ್ಟಿಯನ್ನು ಬೈದವರೆಲ್ಲ ಒಂದೇ ಮಾತು ಹೇಳಿದರು: 'ಇವರು ಪುಸ್ತಕ ಓದಿಲ್ಲ.' ಶುದ್ಧ ಅನ್ಯಾಯದ ಮಾತು. ಅಮೆರಿಕದ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದು ತಿಂಗಳಾಗಿತ್ತು. ಸುಮಾರು 4.2 ಕೋಟಿ ಬಡವರ ಆಹಾರ ನೆರವು ನಿಲ್ಲುವುದಕ್ಕೆ ಕೆಲವೇ ಗಂಟೆ ಬಾಕಿ. 2025ರ ಅಕ್ಟೋಬರ್ 31ರ ಅಂಥ ರಾತ್ರಿಯನ್ನೇ ಆರಿಸಿ ಸಿರಿವಂತರ ಮೋಜು, ಬೇಜವಾಬ್ದಾರಿಯ ಕಥೆ ಹೇಳುವ ಫಿಟ್ಜ್‌ಜೆರಾಲ್ಡ್‌ನ ಕಾದಂಬರಿ 'ದ ಗ್ರೇಟ್ ಗ್ಯಾಟ್ಸ್‌ಬಿ' ಹೆಸರಿನಲ್ಲಿ ಔತಣ ಇಟ್ಟುಕೊಳ್ಳುವುದು ಓದದವರ ಕೈಲಿ ಆಗುವ ಕೆಲಸವೇ? ಇಷ್ಟು ಕರಾರುವಾಕ್ಕಾಗಿ ಮುಹೂರ್ತ ಇಡಬೇಕಾದರೆ ಕಾದಂಬರಿ ಬಾಯಿಪಾಠವಾಗಿರಬೇಕು.

ಘೋಷವಾಕ್ಯವೂ ಅಷ್ಟೇ ಸೊಗಸು. 'ಸಣ್ಣದೊಂದು ಪಾರ್ಟಿಗೆ ಯಾರೂ ಸತ್ತಿಲ್ಲ.' 2013ರ ಸಿನಿಮಾಕ್ಕಾಗಿ ಹೊಸೆದ ಹಾಡಿನ ಹೆಸರು ಅದು. ಕಾದಂಬರಿಯಲ್ಲಿ ಎರಡು ದಿನದೊಳಗೆ ಮೂರು ಹೆಣ ಬೀಳುತ್ತವೆ. ಗ್ಯಾರೇಜಿನವನ ಹೆಂಡತಿ ಮರ್ಟಲ್ ಕಾರಿಗೆ ಸಿಕ್ಕಿ, ಪಾರ್ಟಿ ಕೊಡುವ ಶ್ರೀಮಂತ ಗ್ಯಾಟ್ಸ್‌ಬಿ ತನ್ನದೇ ಈಜುಕೊಳದಲ್ಲಿ ಗುಂಡೇಟು ತಿಂದು, ಗುಂಡು ಹಾರಿಸಿದ ಮರ್ಟಲ್‌ಳ ಗಂಡ ವಿಲ್ಸನ್ ತಾನೂ ಗುಂಡು ಹೊಡೆದುಕೊಂಡು. ಮೂರೇ ತಾನೇ, ಬಿಡಿ.

ಆದರೂ ಶಾಸ್ತ್ರೋಕ್ತವಾಗಿ ನೋಡಿದರೆ ಕೆಲವು ಲೋಪಗಳಾಗಿವೆ. ಮೊದಲನೆಯದು ಆಮಂತ್ರಣ. ಗ್ಯಾಟ್ಸ್‌ಬಿಯ ಪಾರ್ಟಿಗೆ ಯಾರನ್ನೂ ಕರೆಯುತ್ತಿರಲಿಲ್ಲ, ಜನ ತಾವಾಗಿ ನುಗ್ಗುತ್ತಿದ್ದರು. ಕರೆಯೋಲೆ ಹಿಡಿದು ಬರುವ, ಕಥೆ ಹೇಳುವ ನಿಕ್‌ನಂಥವರೇ ಅಲ್ಲಿ ಅಪರೂಪ. ಗೇಟಿನಲ್ಲಿ ಹೆಸರು ಟಿಕ್ ಮಾಡಿ ಒಳಗೆ ಬಿಟ್ಟರೆ ಅದು ಮದುವೆ ರಿಸೆಪ್ಷನ್. ಎರಡನೆಯದು ಉಡುಗೆ. ಕಥೆ ನಡೆಯುವುದು 1922ರ ಬೇಸಿಗೆಯಲ್ಲಿ. ಆ ವರ್ಷದ ಸ್ಕರ್ಟಿನ ಅಂಚು ಹೆಚ್ಚುಕಡಿಮೆ ಕಣಕಾಲಿನ ಹತ್ತಿರ ಇರುತ್ತಿತ್ತು, ಮೊಣಕಾಲಿಗೆ ಏರಿದ್ದು 1926ರ ಹೊತ್ತಿಗೆ. ಆದ್ದರಿಂದ ಜಗತ್ತಿನ ಅಷ್ಟೂ 'ಗ್ಯಾಟ್ಸ್‌ಬಿ ನೈಟ್'ಗಳಲ್ಲಿ ಬಾಡಿಗೆಗೆ ತಂದು ತೊಡುವ ಆ ಜಾಲರಿ ಫ್ರಾಕುಗಳು ಗ್ಯಾಟ್ಸ್‌ಬಿ ಮಣ್ಣಾದ ಮೇಲೆ ಹುಟ್ಟಿದವು. ದೈತ್ಯ ಗ್ಲಾಸಿನೊಳಗೆ ನರ್ತಕಿಯನ್ನು ಕೂರಿಸಿದ್ದು ಮಾತ್ರ ಆಯೋಜಕರ ಸ್ವಂತ ಪ್ರತಿಭೆ. ಕಾದಂಬರಿಯ ಷಾಂಪೇನ್ ಗ್ಲಾಸು ಊಟದ ಮೇಜಿನಲ್ಲಿ ಬೆರಳು ತೊಳೆಯಲು ಇಡುವ ಬಟ್ಟಲಿಗಿಂತ ತುಸು ದೊಡ್ಡದು, ಅಷ್ಟೆ. ಒಂದು ವಿಧಿ ಮಾತ್ರ ಚಾಚೂತಪ್ಪದೆ ಪಾಲನೆಯಾಯಿತು: ಆತಿಥೇಯ ಕುಡಿಯಬಾರದು. ಗ್ಯಾಟ್ಸ್‌ಬಿಯೂ ಕುಡಿಯುತ್ತಿರಲಿಲ್ಲ, ಟ್ರಂಪ್ ಕೂಡ ಕುಡಿಯುವುದಿಲ್ಲ.

ಇನ್ನು ಮುಖ್ಯ ಸಾಮಗ್ರಿ ಕಿತ್ತಳೆ. ಪ್ರತಿ ಶುಕ್ರವಾರ ನ್ಯೂಯಾರ್ಕಿನ ಅಂಗಡಿಯಿಂದ ಐದು ಪೆಟ್ಟಿಗೆ ಕಿತ್ತಳೆ, ನಿಂಬೆ ಬರಬೇಕು. ಸೋಮವಾರ ಅಷ್ಟೂ ಹಣ್ಣು ರಸ ಹಿಂಡಿಸಿಕೊಂಡು, ಅರ್ಧರ್ಧ ಸಿಪ್ಪೆಯ ಗೋಪುರವಾಗಿ ಹಿತ್ತಲ ಬಾಗಿಲಿಂದ ಹೊರಬೀಳಬೇಕು. ಅಡುಗೆಮನೆಯ ಯಂತ್ರ ಅರ್ಧ ಗಂಟೆಯಲ್ಲಿ 200 ಹಣ್ಣಿನ ರಸ ತೆಗೆಯುತ್ತದೆ, ಬಟ್ಲರ್ ಹೆಬ್ಬೆರಳಿನಿಂದ ಗುಂಡಿಯನ್ನು 200 ಸಲ ಒತ್ತಿದರೆ. ಲೆಕ್ಕ ಹಾಕಿ: ಒಂಬತ್ತು ಸೆಕೆಂಡಿಗೊಂದು ಒತ್ತು. ಸೋಮವಾರ ಎಂಟು ಆಳುಗಳು, ಅದರಲ್ಲೊಬ್ಬ ಹೆಚ್ಚುವರಿ ತೋಟಗಾರ, ಮಾಪು, ಬ್ರಶ್ಶು, ಸುತ್ತಿಗೆ, ತೋಟದ ಕತ್ತರಿ ಹಿಡಿದು ಹಿಂದಿನ ರಾತ್ರಿ ಮುರಿದದ್ದನ್ನೆಲ್ಲ ಸಂಜೆವರೆಗೆ ರಿಪೇರಿ ಮಾಡುತ್ತಾರೆ. ಪಾರ್ಟಿಯ ವರ್ಣನೆ ಇರುವ ಮೂರನೇ ಅಧ್ಯಾಯದ ಮೊದಲ ಪುಟದಲ್ಲೇ ಇದೆಲ್ಲ ಇದೆ, ಅಡಿಟಿಪ್ಪಣಿಯಲ್ಲಲ್ಲ. ಆದರೆ ನೂರು ವರ್ಷದಲ್ಲಿ ಯಾರಾದರೂ ಆ ಬಟ್ಲರನ ವೇಷ ಹಾಕಿಕೊಂಡು ಗ್ಯಾಟ್ಸ್‌ಬಿ ನೈಟಿಗೆ ಹೋದದ್ದುಂಟೇ? ಗ್ಯಾರೇಜಿನ ವಿಲ್ಸನ್ ಆಗಿ, ಮುಖಕ್ಕೆ ಬೂದಿ ಬಳಿದುಕೊಂಡು? ಖರ್ಚು ಕಡಿಮೆ, ಆದರೂ ಗಿರಾಕಿಯಿಲ್ಲ.

ಕಾದಂಬರಿಯಲ್ಲಿ ವಿಲ್ಸನ್ನನ ಗ್ಯಾರೇಜು ಇರುವುದು ಬೂದಿಯ ರಾಶಿಗಳ ನಡುವೆ. ಆ ಬೂದಿ ಸುಳ್ಳಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕೊರೊನಾ ಎಂಬಲ್ಲಿ ಊರಿನ ಒಲೆಗಳ ಬೂದಿಯನ್ನೆಲ್ಲ ಸುರಿಯುತ್ತಿದ್ದರು. ಲಾಂಗ್ ಐಲೆಂಡಿನ ಬಂಗಲೆಯವರು ಪಟ್ಟಣಕ್ಕೆ ಹೋಗಬೇಕಾದರೆ ಅದನ್ನು ದಾಟಿಯೇ ಹೋಗಬೇಕು. 1939ರ ವಿಶ್ವಮೇಳಕ್ಕೆ ಅದನ್ನೇ ಮಟ್ಟಸ ಮಾಡಿದರು. ಈಗ ಅಲ್ಲಿ ಪಾರ್ಕಿದೆ, ಯುಎಸ್ ಓಪನ್ ಟೆನಿಸ್ ನಡೆಯುತ್ತದೆ.

ಹೇಳಬೇಕಾದ್ದು ಹೋಟೆಲಿನ ಕಥೆ. ಗ್ಯಾಟ್ಸ್‌ಬಿಗೂ, ಅವನು ಪ್ರೀತಿಸಿದ ಡೇಸಿಯ ಗಂಡ ಟಾಮ್ ಬ್ಯುಕಾನನ್‌ಗೂ ಅವಳ ಎದುರೇ ಜಗಳ ಹತ್ತುವುದು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ. ಆ ಪ್ಲಾಜಾವನ್ನು 1988ರಲ್ಲಿ 40 ಕೋಟಿ ಡಾಲರಿಗೂ ಮಿಕ್ಕಿ ಸುರಿದು ಕೊಂಡವರು ಇದೇ ಟ್ರಂಪ್. 1992ರಲ್ಲಿ ಹೋಟೆಲು ದಿವಾಳಿ ಅರ್ಜಿ ಹಾಕಿತು, 1995ರಲ್ಲಿ ಅವರ ಕೈತಪ್ಪಿ ಹೋಯಿತು. 2012ರಲ್ಲಿ ಅದರ ದೊಡ್ಡ ಪಾಲು ಕೊಂಡವರು ಯಾರು? ನಮ್ಮ ಸಹಾರಾದ ಸುಬ್ರತಾ ರಾಯ್. ಅದೇ ವರ್ಷ ಆಗಸ್ಟಿನಲ್ಲಿ, ಕೋಟಿಗಟ್ಟಲೆ ಸಣ್ಣ ಹೂಡಿಕೆದಾರರಿಂದ ಎತ್ತಿದ ಸುಮಾರು 24,000 ಕೋಟಿ ರೂಪಾಯಿ ಬಡ್ಡಿ ಸಮೇತ ವಾಪಸ್ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಪ್ಲಾಜಾದಲ್ಲಿ ಲೇಖಕನ ಹೆಸರಿನ ಐಷಾರಾಮಿ 'ಫಿಟ್ಜ್‌ಜೆರಾಲ್ಡ್ ಸ್ವೀಟ್' ಬಾಗಿಲು ತೆರೆಯಿತು. ಅದೇ ವರ್ಷದ ಸಿನಿಮಾದಲ್ಲಿ ಗ್ಯಾಟ್ಸ್‌ಬಿಯ ಕಳ್ಳವ್ಯವಹಾರದ ಪಾಲುದಾರನಾಗಿ ಬಂದವರು ಅಮಿತಾಭ್ ಬಚ್ಚನ್. 2014ರಲ್ಲಿ ರಾಯ್ ತಿಹಾರ್ ಜೈಲು ಸೇರಿದರು, ಅಲ್ಲಿನ ಕಾನ್ಫರೆನ್ಸ್ ರೂಮಿನಲ್ಲಿ ಕೂತು ಹೋಟೆಲ್ ಮಾರಾಟದ ಚೌಕಾಸಿ ಮಾಡಲು ನ್ಯಾಯಾಲಯ ಅನುಮತಿ ಕೊಟ್ಟಿತು. ಕಾದಂಬರಿಕಾರನಿಗೆ ಇಂಥದ್ದು ಹೊಳೆದಿದ್ದರೂ ಬರೆಯುತ್ತಿರಲಿಲ್ಲ, ಯಾರು ನಂಬುತ್ತಾರೆ ಅಂತ.

ಗ್ಯಾಟ್ಸ್‌ಬಿಯ ದುಡ್ಡಿನ ಮೂಲವೂ ಕೇಳುವಂತಿದೆ. ಪಾನನಿಷೇಧದ ಕಾಲದಲ್ಲಿ ವೈದ್ಯರ ಚೀಟಿ ಇದ್ದರೆ ಔಷಧದಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಒಬ್ಬ ರೋಗಿಗೆ ಹತ್ತು ದಿನಕ್ಕೆ ಒಂದು ಪಿಂಟ್, ಅಂದರೆ ಸುಮಾರು 470 ಎಂ.ಎಲ್. ಗ್ಯಾಟ್ಸ್‌ಬಿ, ಪಾಲುದಾರ ವುಲ್ಫ್‌ಶೈಮ್ ಸೇರಿ ಗಲ್ಲಿಗಲ್ಲಿಯ ಔಷಧದಂಗಡಿಗಳನ್ನು ಕೊಂಡು ಕೌಂಟರಿನಲ್ಲೇ ಮದ್ಯಸಾರ ಮಾರಿದರು. ಬಡವನ ಚೀಟಿಗೆ ಮಿತಿ, ಅಂಗಡಿ ಮಾಲೀಕನಿಗೆ ಇಲ್ಲ.

ಈಗಿನ ಚೀಟಿಗೂ ಮಿತಿ ಇದೆ. ಆಹಾರ ನೆರವಿನ ಆ ಕಾರ್ಡಿಗೆ ಬರುವುದು ಸರಾಸರಿ ತಲೆಗೆ ದಿನಕ್ಕೆ 6 ಡಾಲರ್ ಆಸುಪಾಸು. ಅದರಲ್ಲಿ ಸೋಪು ಕೊಳ್ಳುವಂತಿಲ್ಲ, ಡೈಪರ್ ಕೊಳ್ಳುವಂತಿಲ್ಲ. ಬಿಸಿಬಿಸಿ ಸುಟ್ಟ ಕೋಳಿ ಕೊಳ್ಳುವಂತಿಲ್ಲ, ಅದೇ ಕೋಳಿ ತಣ್ಣಗಾಗಿ ಅಂಗಡಿಯ ಫ್ರಿಜ್ ಸೇರಿದರೆ ಕೊಳ್ಳಬಹುದು. ಬಡವ ಬಿಸಿಯೂಟ ತಿಂದು ಮೈಮರೆತಾನು ಎಂಬ ಭಯ ಇದ್ದೀತು. ತುರ್ತು ನಿಧಿಯನ್ನು ಬಳಸಲೇಬೇಕು ಎಂದು ಇಬ್ಬರು ಫೆಡರಲ್ ನ್ಯಾಯಾಧೀಶರು ಪಾರ್ಟಿಯ ದಿನವೇ ಹೇಳಿದರು. ದುಡ್ಡು ಇತ್ತು. ಕೊಡುವ ಮನಸ್ಸಿರಲಿಲ್ಲ. ಇದಕ್ಕೆ ವ್ಯಂಗ್ಯ ಬರೆಯುವುದೂ ಬೇಜಾರು. ಮಕ್ಕಳ ಅನ್ನದ ವಿಷಯವನ್ನು ಕೋರ್ಟಿನಲ್ಲಿ ಎಳೆದಾಡುತ್ತಾ ಅದೇ ರಾತ್ರಿ ಮುತ್ತಿನ ಹಾರ ಹಾಕಿಕೊಂಡು ಕುಣಿಯುವವರಿಗೆ ನಾಚಿಕೆ ಆಗುವುದಿಲ್ಲ, ಅಷ್ಟೇ. ಪುಸ್ತಕ ಓದಿದರೂ ಆಗುವುದಿಲ್ಲ, ಓದದಿದ್ದರೂ ಆಗುವುದಿಲ್ಲ.

ಹಾಗೆಂದು ಪುಸ್ತಕ ನಿರಪರಾಧಿ ಅಂತಲೂ ಅಲ್ಲ. ಆ ನೀಲಿ ತೋಟ, ದೀಪ, ಸಂಗೀತವನ್ನು ಫಿಟ್ಜ್‌ಜೆರಾಲ್ಡ್ ಎಷ್ಟು ಆಸೆಪಟ್ಟು ಬರೆದಿದ್ದಾನೆಂದರೆ, ಓದಿದವರಿಗೆ ಪಾರ್ಟಿ ನೆನಪಿರುತ್ತದೆ, ಬಿಲ್ಲು ಮರೆಯುತ್ತದೆ. ಅವನಿಗೇ ಮರೆಯುತ್ತಿತ್ತು. ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿ ಬಾಡಿಗೆಗಿದ್ದಾಗ ವರ್ಷಕ್ಕೆ 36,000 ಡಾಲರ್ ಗಳಿಸಿಯೂ ಸಾಲದೆ, ಆ ಸಾಲದ್ದರ ಬಗ್ಗೆಯೇ 1924ರಲ್ಲಿ ಲೇಖನ ಬರೆದು ಕಾಸು ಮಾಡಿಕೊಂಡ ಆಸಾಮಿ. ಹೊರಗೆ ನಿಂತು ಬೈಯುತ್ತಾನೆ, ಕಣ್ಣು ಮಾತ್ರ ಕಿಟಕಿಯೊಳಗೆ. ಪುಸ್ತಕದ ಸೆಳೆತವೂ ಅದೇ, ಕಾಯಿಲೆಯೂ ಅದೇ. 1925ರಲ್ಲಿ 2 ಡಾಲರ್ ಬೆಲೆಯ 20,870 ಪ್ರತಿ ಅಚ್ಚಾದವು, ಆಮೇಲೆ ಇನ್ನೊಂದು 3,000. 1940ರಲ್ಲಿ ಅವನು 44ನೇ ವಯಸ್ಸಿಗೆ ಸತ್ತಾಗ ಆ ಎರಡನೇ ಮುದ್ರಣದ ಪ್ರತಿಗಳು ಗೋದಾಮಿನಲ್ಲಿ ಇನ್ನೂ ಉಳಿದಿದ್ದವು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ 1,55,000 ಪ್ರತಿ ಪುಕ್ಕಟೆ ಹಂಚಿದ ಮೇಲೆ ಪುಸ್ತಕಕ್ಕೆ ಮರುಜೀವ ಬಂತು. 2021ರ ಜನವರಿ 1ಕ್ಕೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವೂ ಮುಗಿಯಿತು. ಈಗ ಯಾರು ಬೇಕಾದರೂ ಪಾರ್ಟಿ ಮಾಡಬಹುದು, ಯಾರ ಅಪ್ಪಣೆಯೂ ಬೇಡ.

ಮುಂದಿನ ವರ್ಷಕ್ಕೆ ಥೀಮ್ ಹುಡುಕುತ್ತಿರುವವರಿಗೆ ಒಂಬತ್ತನೇ ಅಧ್ಯಾಯ ಹಾಗೇ ಖಾಲಿ ಇದೆ, ಗ್ಯಾಟ್ಸ್‌ಬಿಯ ಮಣ್ಣು. ಕಿತ್ತಳೆ ಬೇಡ, ಬ್ಯಾಂಡ್ ಬೇಡ, ಮೂರೇ ಕಾರು ಸಾಕು. ಪಾದ್ರಿ ಮೂರು ಗಂಟೆಗೆ ಸ್ವಲ್ಪ ಮುಂಚೆ ಬರುತ್ತಾನೆ, ಗಡಿಯಾರ ನೋಡಿಕೊಳ್ಳುತ್ತಾನೆ, ಜನ ಬರಲಿ ಅಂತ ಅರ್ಧ ಗಂಟೆ ಕಾಯಿಸಬೇಕು. ಬರುವುದಿಲ್ಲ. ಐದರ ಹೊತ್ತಿಗೆ ಜಿನುಗು ಮಳೆಯಲ್ಲಿ ಸ್ಮಶಾನ ತಲುಪುವವರು ಹೆತ್ತ ಅಪ್ಪ, ನಿಕ್, ಪಾದ್ರಿ, ನಾಲ್ಕೈದು ಆಳುಗಳು ಮತ್ತು ಊರಿನ ಅಂಚೆಯವನು. ದಪ್ಪ ಕನ್ನಡಕದ ಒಬ್ಬ ಅತಿಥಿ ತಡವಾಗಿ, ನೆನೆದುಕೊಂಡು, ನೇರ ಗುಂಡಿಯ ಹತ್ತಿರ ಬರುತ್ತಾನೆ. ಗ್ಯಾಟ್ಸ್‌ಬಿಯ ಮನೆಯಲ್ಲೇ ತಿಂದುಂಡು ಬೀಡುಬಿಟ್ಟಿದ್ದ ಕ್ಲಿಪ್‌ಸ್ಪ್ರಿಂಗರ್‌ಗೆ ಬರಲಾಗುವುದಿಲ್ಲ, ಪಿಕ್‌ನಿಕ್ ಇದೆ. ಆದರೆ ಫೋನ್ ಮಾಡುತ್ತಾನೆ: ಟೆನಿಸ್ ಶೂ ಅಲ್ಲೇ ಬಿಟ್ಟುಬಂದಿದ್ದೇನೆ, ಅದಿಲ್ಲದೆ ಕೈಕಾಲೇ ಆಡುತ್ತಿಲ್ಲ, ಬಟ್ಲರನ ಕೈಲಿ ಕಳಿಸಿಕೊಡಿ, ವಿಳಾಸ ಬರೆದುಕೊಳ್ಳಿ.