ನಾನು ಟಿಲ್ಲರ್ ನೋಡ್ತಾ ಇದ್ದೆ

ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಇಂಟರ್ನೆಟ್ ಬಂದಿದ್ದು ಅಡಿಕೆ ಮರದ ಮೇಲಿಂದ. ಟವರ್ ಕೊಡಿ ಅಂತ ಅರ್ಜಿ ಹಾಕಿದ್ದಾಯ್ತು. ಓಟು ಹಾಕಲ್ಲ ಅಂತ ಬೋರ್ಡ್ ಕಟ್ಟಿದ್ದಾಯ್ತು. ಕೊನೆಗೆ ಯಾರೋ ಪುಣ್ಯಾತ್ಮರು ಮರದಿಂದ ಮರಕ್ಕೆ ಫೈಬರ್ ಕೇಬಲ್ ಎಳೆದುಕೊಂಡು ಬಂದರು. ಮಂಗ ಜೋತುಬಿದ್ದರೆ ಕಟ್. ಸೋಗೆ ಬಿದ್ದರೆ ಕಟ್. ಅದಕ್ಕೂ ಮೊದಲು ಚೌಡಿಬನದ ಪಕ್ಕದ ಬಂಡೆ ಮೇಲೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಇಡೀ ಊರು ಅಲ್ಲಿ ಒತ್ತಿಕೊಂಡು ನಿಂತು ಫೋನ್ ನೋಡಬೇಕು. ಪಕ್ಕದವರ ಮೊಬೈಲಿನಲ್ಲಿ ಏನಿದೆ ಅಂತ ಪಕ್ಕದವರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು. ಅಂಥ ಕಡೆ ಬೇಡದ್ದನ್ನು ನೋಡುವ ಧೈರ್ಯ ಯಾರಿಗಿದೆ? ಪ್ರಪಂಚದ ಸರ್ಕಾರಗಳೆಲ್ಲ ಕೋಟಿಗಟ್ಟಲೆ ಸುರಿದು ಮಾಡಲಾಗದ ಕೆಲಸವನ್ನು ಒಂದು ಬಂಡೆ ಮಾಡುತ್ತಿತ್ತು.

ಕೇಬಲ್ ಬಂದ ಮೇಲೆ ಆ ಬಂಡೆಯ ಅಧಿಕಾರ ಹೋಯಿತು. ಹೋಗಿದ್ದು ಗೊತ್ತಾಗಿದ್ದು ಕಳೆದ ಅಡಿಕೆ ಸುಗ್ಗಿಯಲ್ಲಿ.

ರಾತ್ರಿ ಹತ್ತು ಗಂಟೆ ಇರಬೇಕು. ಚಪ್ಪರದಲ್ಲಿ ಹದಿನೈದು ಜನ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದೆವು. ನಿದ್ದೆ ಬರದಿರಲಿ ಅಂತ ಬ್ಲೂಟೂತ್ ಸ್ಪೀಕರಿನಲ್ಲಿ ತಾಳಮದ್ದಲೆ. ಭೀಷ್ಮ ಅರ್ಥ ಹೇಳುತ್ತಿದ್ದ. ಹುಡುಗನೊಬ್ಬ ಫೋನ್ ಹಿಡಿದು ಹೊರಗೆ ಹೋದ, ಭೀಷ್ಮ ನಿಂತ. ಅದೇ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಮೇಲಿನಮನೆ ಗೌಡರ ಫೋನು ತಾನಾಗಿ ಸ್ಪೀಕರಿಗೆ ಸೇರಿಕೊಂಡಿತು. ಆಮೇಲೆ ಬಂದ ಧ್ವನಿ ಭಾಗವತರದ್ದಲ್ಲ.

ಹದಿನೈದು ಕೈ ಒಟ್ಟಿಗೆ ನಿಂತವು. ಗೌಡರು ಫೋನನ್ನು ಸಿಪ್ಪೆ ರಾಶಿಯೊಳಗೆ ತುರುಕಿದರು. ಧ್ವನಿ ನಿಲ್ಲಲಿಲ್ಲ, ಬ್ಲೂಟೂತ್ ಅಲ್ವಾ.

‘ನಾನು ಟಿಲ್ಲರ್ ನೋಡ್ತಾ ಇದ್ದೆ ಮಾರಾಯ್ರೆ. ಅದು ತಾನಾಗೇ ಬಂತು’ ಅಂದರು.

ಡಬ್ಬ ಲೆಕ್ಕದಲ್ಲಿ ಸುಲಿಯಲು ಬರುವ ಅಕ್ಕ ಒಬ್ಬರಿದ್ದಾರೆ. ಅವರು ತಲೆ ಎತ್ತದೆ ಕೇಳಿದರು: ‘ಗದ್ದೆ ಪೂರಾ ತೋಟ ಮಾಡಿ ಆರು ವರ್ಷ ಆಯ್ತಲ್ಲ ಗೌಡ್ರೆ. ಟಿಲ್ಲರ್ ಎಂಥಕ್ಕೆ?’

ಗೌಡರನ್ನು ಉಳಿಸಲು ನಾನು ಬಾಯಿ ಹಾಕಲೇಬೇಕಾಯಿತು. ಯಾಕೆಂದರೆ ಅವರು ಹೇಳಿದ ಸುಳ್ಳು ಸಾಮಾನ್ಯ ಸುಳ್ಳಲ್ಲ. ಅದಕ್ಕೆ ಬ್ರಿಟಿಷ್ ಪಾರ್ಲಿಮೆಂಟಿನ ಪರಂಪರೆ ಇದೆ. 2022ರಲ್ಲಿ ಅಲ್ಲಿನ ಕಾಮನ್ಸ್ ಸಭೆಯಲ್ಲಿ ಒಬ್ಬ ಸಂಸದರು ಫೋನಿನಲ್ಲಿ ಇದೇ ಥರದ ನೀಲಿ ಚಿತ್ರ ನೋಡುತ್ತಾ ಸಿಕ್ಕಿಬಿದ್ದರು. ಹೆಸರು ನೀಲ್ ಪ್ಯಾರಿಶ್. ಹೆಸರಲ್ಲೇ ನೀಲಿ ಇತ್ತು, ನಾನೇನು ಮಾಡಲಿ? ಮೂಲತಃ ರೈತರು. ಮೊದಲ ಸಲ ಟ್ರ್ಯಾಕ್ಟರ್ ಹುಡುಕುತ್ತಿದ್ದೆ, ಹೆಚ್ಚುಕಮ್ಮಿ ಅದೇ ಹೆಸರಿನ ಇನ್ನೊಂದು ಸೈಟು ತೆರೆದುಕೊಂಡಿತು, ಎರಡನೇ ಸಲ ಮಾತ್ರ ಬೇಕಂತಲೇ ನೋಡಿದೆ ಅಂತ ಒಪ್ಪಿಕೊಂಡು ರಾಜೀನಾಮೆ ಕೊಟ್ಟರು. ಉಪಚುನಾವಣೆಯಲ್ಲಿ ಅವರ ಪಕ್ಷ ಸೀಟನ್ನೂ ಕಳೆದುಕೊಂಡಿತು.

‘ನೋಡಿ, ಅವರು ಟ್ರ್ಯಾಕ್ಟರ್. ನಂದು ಟಿಲ್ಲರ್. ಸಣ್ಣದು’ ಅಂದರು ಗೌಡರು, ಜೀವ ಬಂದವರಂತೆ.

ನಮ್ಮ ವಿಧಾನಸಭೆ ಇದರಲ್ಲಿ ಬ್ರಿಟನ್‌ಗಿಂತ ಹತ್ತು ವರ್ಷ ಮುಂದಿತ್ತು ಅನ್ನೋದು ಹೆಮ್ಮೆಯ ವಿಷಯ. 2012ರ ಫೆಬ್ರವರಿ, ಸದನ ನಡೆಯುತ್ತಿತ್ತು, ಟೀವಿ ಕ್ಯಾಮೆರಾ ಮೇಲಿತ್ತು, ಮಂತ್ರಿಗಳ ಕೈಯಲ್ಲಿ ಮೊಬೈಲ್ ಇತ್ತು. ಮೂವರ ರಾಜೀನಾಮೆ. ಅದರಲ್ಲಿ ಒಬ್ಬರ ಖಾತೆ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ರೇವ್ ಪಾರ್ಟಿ ಬಗ್ಗೆ ಚರ್ಚೆ ಇತ್ತು, ಅದಕ್ಕೆ ತಯಾರಿ ಅಂತ ಸಮಜಾಯಿಷಿಯೂ ಬಂತು. ಮೂವರಲ್ಲಿ ಒಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು. ಇಂಡೋನೇಷ್ಯಾ ನಮಗಿಂತಲೂ ಒಂದು ವರ್ಷ ಮುಂದೆ. 2008ರಲ್ಲಿ ಅಲ್ಲಿ ಅಶ್ಲೀಲತೆ ವಿರುದ್ಧ ಬಿಗಿ ಕಾನೂನು ಬಂತು. ಅದಕ್ಕೆ ಜೋರಾಗಿ ಕೈ ಎತ್ತಿದ ಪಕ್ಷದ ಸಂಸದರೊಬ್ಬರು 2011ರಲ್ಲಿ ಸಂಸತ್ತಿನೊಳಗೇ ಟ್ಯಾಬ್ ನೋಡುತ್ತಾ ಪತ್ರಿಕಾ ಛಾಯಾಗ್ರಾಹಕನ ಕ್ಯಾಮೆರಾಕ್ಕೆ ಸಿಕ್ಕಿದರು. ಇಮೇಲಿನಲ್ಲಿ ಲಿಂಕ್ ಬಂದಿತ್ತಂತೆ.

ಭಟ್ಟರು ಕವಳ ಉಗಿದು ಬಂದು ಕೂತರು. ‘ಹಂಗಾದ್ರೆ ಕಾನೂನು ಎಂಥ ಹೇಳ್ತದೆ?’ ಅಂತ ಕೇಳಿದರು. ಗೌಡರನ್ನು ಬಿಟ್ಟು ವಿಷಯ ಹಿಡಿದಿದ್ದಕ್ಕೆ ಗೌಡರು ಅವರನ್ನು ಕೃತಜ್ಞತೆಯಿಂದ ನೋಡಿದರು.

ಭಾರತದ ಕಾನೂನು ಹೀಗಿದೆ. ವಯಸ್ಕನೊಬ್ಬ ತನ್ನ ಮನೆಯೊಳಗೆ ವಯಸ್ಕರ ಚಿತ್ರ ನೋಡಿದರೆ ಅಪರಾಧ ಅಲ್ಲ. ಆದರೆ ಅದನ್ನು ಮಾರಿದರೆ ಅಪರಾಧ. ಇಂಟರ್ನೆಟ್ಟಿಗೆ ಹಾಕಿದರೆ, ಹಂಚಿದರೆ ಐಟಿ ಕಾಯ್ದೆಯ 67ಎ ಪ್ರಕಾರ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ.

‘ಮಾರೋ ಹಾಗಿಲ್ಲ, ಹಂಚೋ ಹಾಗಿಲ್ಲ, ನೋಡಬಹುದು. ಹಾಗಾದ್ರೆ ಎಲ್ಲಿಂದ ಬರ್ತದೆ ಅದು? ಆಗುಂಬೆ ಮಳೆ ಥರ ಸುರೀತದಾ?’ ಅಂದರು ಅಕ್ಕ.

ಮಕ್ಕಳದ್ದಾದರೆ ಲೆಕ್ಕವೇ ಬೇರೆ. ಇಟ್ಟುಕೊಳ್ಳುವುದೂ ಅಪರಾಧ, ಹುಡುಕಿ ನೋಡುವುದೂ ಅಪರಾಧ. 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿಯೇ ಹೇಳಿತು. ಅಲ್ಲಿ ತಮಾಷೆಗೆ ಜಾಗ ಇಲ್ಲ.

ತಮಾಷೆ ಇರುವುದು ಉಳಿದ ಕಡೆ. 2015ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು, ಹದಿನೆಂಟು ದಾಟಿದವನು ತನ್ನ ನಾಲ್ಕು ಗೋಡೆ ಒಳಗೆ ನೋಡಿದರೆ ತಡೆಯೋದು ಹೇಗೆ ಅಂತ ಕೇಳಿದರು. ಅದೇ ತಿಂಗಳ 31ಕ್ಕೆ ಸರ್ಕಾರ 857 ಸೈಟುಗಳನ್ನು ಮುಚ್ಚಿ ಅಂತ ಕಂಪನಿಗಳಿಗೆ ಆದೇಶ ಕೊಟ್ಟಿತು. ಪಟ್ಟಿಯಲ್ಲಿ ಜೋಕು ಹೇಳುವ ಸೈಟುಗಳೂ ಇದ್ದವು. ಗಲಾಟೆಯಾಯಿತು. ನಾಲ್ಕೈದು ದಿನದಲ್ಲಿ, ಮಕ್ಕಳ ಅಶ್ಲೀಲ ಚಿತ್ರ ಇರುವುದನ್ನು ಮಾತ್ರ ಮುಚ್ಚಿ, ಉಳಿದದ್ದು ಬಿಡಿ ಅಂತ ಇನ್ನೊಂದು ಆದೇಶ. ಯಾವುದರಲ್ಲಿ ಏನಿದೆ ಅಂತ ನಾವು ಹೇಗೆ ನೋಡಿಕೊಂಡು ಕೂರೋದು ಅಂತ ಕಂಪನಿಗಳು ಕೈ ಎತ್ತಿದವು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಹಳೇ ಆದೇಶಕ್ಕೆ ಜೀವ ಕೊಟ್ಟಿತು. ಆಗ ಇಲಾಖೆಯವರು ಕೂತು ಪಟ್ಟಿ ನೋಡಿದರು. 857ರಲ್ಲಿ 30 ಸೈಟುಗಳಲ್ಲಿ ಅಂಥದ್ದೇನೂ ಇರಲಿಲ್ಲ. 827 ಮುಚ್ಚಿದವು. ನನಗೆ ಕುತೂಹಲ ಇರುವುದು ಆ ಗುಮಾಸ್ತರ ಬಗ್ಗೆ. 857ನ್ನೂ ತೆರೆದು ನೋಡದೆ 30ರಲ್ಲಿ ಏನೂ ಇಲ್ಲ ಅಂತ ಗೊತ್ತಾಗೋದು ಹೇಗೆ? ಆಫೀಸಿನಲ್ಲಿ ಕೂತು, ಸಂಬಳ ತಗೊಂಡು, ಪಕ್ಕದ ಟೇಬಲ್ಲಿಗೆ ಕೇಳದ ಹಾಗೆ ಸೌಂಡ್ ಕಡಿಮೆ ಇಟ್ಟು ನೋಡಿರಬೇಕು ಪಾಪ.

857 ಸಾಮಾನ್ಯ ಸಂಖ್ಯೆ ಅಂದ್ಕೋಬೇಡಿ. ಬ್ರಿಟಿಷರು ಅಶ್ಲೀಲ ಪ್ರಕಟಣೆ ಕಾಯ್ದೆ ತಂದಿದ್ದು 1857ರಲ್ಲಿ. ನಾವು ಸಾವಿರ ಬಿಟ್ಟುಕೊಟ್ಟಿದ್ದೇವೆ ಅಷ್ಟೆ.

ಅಶ್ಲೀಲ ಅಂದರೆ ಯಾವುದು ಅನ್ನೋ ಪ್ರಶ್ನೆಗೆ ಅಮೆರಿಕದವರು ಜಾಸ್ತಿ ತಲೆ ಕೆಡಿಸಿಕೊಂಡರು. 1964ರಲ್ಲಿ ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್, ವ್ಯಾಖ್ಯೆ ಕೊಡೋದಕ್ಕೆ ನನ್ನಿಂದ ಆಗಲ್ಲ, ಆದರೆ ಕಂಡರೆ ಗೊತ್ತಾಗುತ್ತದೆ ಅಂತ ಬರೆದುಬಿಟ್ಟರು. ಶಿವಮೊಗ್ಗ ಮಂಡಿಯಲ್ಲಿ ಅಡಿಕೆ ಮಾರಿದವರಿಗೆ ಇದು ಹೊಸದಲ್ಲ. ದಲಾಲರು ಮೂಟೆಗೆ ಕೈ ಹಾಕಿ, ನಾಲ್ಕು ಅಡಿಕೆ ಅಂಗೈಯಲ್ಲಿ ಉರುಳಿಸಿ, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಅಂತಾರೆ. ಹೇಗೆ ಅಂತ ಕೇಳಿದರೆ, ಕಂಡ್ರೆ ಗೊತ್ತಾಗ್ತದೆ ಮಾರಾಯ ಅಂತಾರೆ. ನಮ್ಮ ಬೆಟ್ಟೆಯನ್ನು ಅವರು ಅಗ್ಗದ ಗೊರಬಲು ಅಂದರೆ ಅಪೀಲು ಇಲ್ಲ.

ಕಂಡರೆ ಗೊತ್ತಾಗಬೇಕಾದರೆ ಕಾಣಬೇಕಲ್ಲ. ಹಾಗಾಗಿ ಆ ಕಾಲದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನೆಲಮಾಳಿಗೆಯಲ್ಲಿ ಪರದೆ ಕಟ್ಟಿ ಕೇಸಿನ ಸಿನಿಮಾ ಹಾಕುತ್ತಿದ್ದರು. ನ್ಯಾಯಮೂರ್ತಿಗಳು ಸಾಲಾಗಿ ಕೂತು ನೋಡುತ್ತಿದ್ದರು. ಅವರಲ್ಲಿ ಹಾರ್ಲನ್ ಅನ್ನುವವರಿಗೆ ಕಣ್ಣು ಬಹುತೇಕ ಮಂಜಾಗಿತ್ತು. ಪರದೆ ಮೇಲೆ ಏನಾಗ್ತಿದೆ ಅಂತ ಪಕ್ಕದವರು ವಿವರಿಸಬೇಕಿತ್ತು.

ಭಟ್ಟರ ಮುಖ ಅರಳಿತು. ‘ವೇಷ ಕಾಣಲ್ಲ, ಬರೀ ಅರ್ಥ ಹೇಳೋದು. ಅದು ತಾಳಮದ್ದಲೆಯೇ ಆಯ್ತಲ್ಲ!’

ಚೀನಾದವರಿಗೆ ಇಂಥ ಗೊಂದಲ ಇಲ್ಲ. ಎಲ್ಲಾ ಬಂದ್. ಅಕ್ರಮ ಪ್ರಕಟಣೆ ಹಿಡಿದುಕೊಟ್ಟವರಿಗೆ 2018ರ ಡಿಸೆಂಬರಿನಿಂದ ಆರು ಲಕ್ಷ ಯುವಾನ್‌ವರೆಗೆ ಬಹುಮಾನ. ಆದರೆ ನನಗೆ ಇಷ್ಟವಾದದ್ದು 2016ರ ನಿಯಮ. ಲೈವ್ ವಿಡಿಯೊದಲ್ಲಿ ಮನಸ್ಸು ಕೆಡಿಸುವ ಹಾಗೆ ಬಾಳೆಹಣ್ಣು ತಿನ್ನಬಾರದು. ಇದನ್ನು ಹೇಳಿದಾಗ ಚಪ್ಪರದ ಕಂಬಕ್ಕೆ ಪುಟ್ಟಬಾಳೆ ಗೊನೆ ಜೋತಾಡುತ್ತಿತ್ತು. ಸುಲಿಯುವವರಿಗೆ ಅಂತಲೇ ಕಟ್ಟಿದ್ದು. ಒಂದು ನಿಮಿಷ ಯಾರೂ ಅತ್ತ ಕೈ ಚಾಚಲಿಲ್ಲ. ಆಮೇಲೆ ಭಟ್ಟರು ಎದ್ದು ಒಂದು ಕಿತ್ತು, ಸಿಪ್ಪೆ ಪೂರಾ ತೆಗೆದು, ನಾಲ್ಕು ತುಂಡು ಮಾಡಿ, ಗೋಡೆ ಕಡೆ ತಿರುಗಿ ತಿಂದರು. ಪುಟ್ಟಬಾಳೆಗೆ ಕಾನೂನು ಅನ್ವಯ ಆಗಲ್ಲ, ಉದ್ದ ಸಾಲದು ಅಂತ ಹುಡುಗರು ಗೊಣಗಿದರು.

ಜಪಾನಿನದ್ದು ಇನ್ನೊಂದು ರೀತಿ. ಅಶ್ಲೀಲವಾದದ್ದನ್ನು ಹಂಚಬಾರದು ಅನ್ನುವ 1907ರ ದಂಡ ಸಂಹಿತೆಯ 175ನೇ ಕಲಂ ಇನ್ನೂ ಜೀವಂತ. ಹಾಗಾಗಿ ಸಿನಿಮಾ ತೆಗೆಯಬಹುದು, ಮಾರಬಹುದು, ತೋರಿಸಬಾರದ ಜಾಗ ಮಾತ್ರ ಮಸುಕು. ಎಲೆ ತುಂಬ ಬಡಿಸಿ ಪಾಯಸದ ಮೇಲೆ ಮಾತ್ರ ಇನ್ನೊಂದು ಎಲೆ ಮುಚ್ಚಿದ ಹಾಗೆ. ನಗಬಹುದು. ಆದರೆ ಅದೇ ದೇಶ 2022ರಲ್ಲಿ ಇನ್ನೊಂದು ಕಾನೂನು ಮಾಡಿತು. ಒಪ್ಪಂದ ಆಗಿ ಒಂದು ತಿಂಗಳು ಚಿತ್ರೀಕರಣ ಮಾಡುವಂತಿಲ್ಲ. ಚಿತ್ರೀಕರಣ ಮುಗಿದು ನಾಲ್ಕು ತಿಂಗಳು ಬಿಡುಗಡೆ ಮಾಡುವಂತಿಲ್ಲ. ಬಿಡುಗಡೆಯಾದ ಮೇಲೂ ನಟಿಸಿದವರು ಒಂದು ವರ್ಷದ ತನಕ ಕಾರಣ ಹೇಳದೆ ಬೇಡ ಅನ್ನಬಹುದು. ಇಷ್ಟು ಹೊತ್ತು ಹೇಳಿದ್ದರಲ್ಲಿ ಚಿತ್ರದೊಳಗೆ ಇರುವ ಹೆಂಗಸಿನ ಬಗ್ಗೆ ಯೋಚನೆ ಮಾಡಿದ್ದು ಇದೊಂದೇ ಅಂತ ಅಕ್ಕನೇ ಹೇಳಿದರು.

ಉಳಿದವರ ಯೋಚನೆಯೆಲ್ಲ ನೋಡುವವನ ವಯಸ್ಸಿನ ಮೇಲೆ. ಬ್ರಿಟನ್ 2017ರಲ್ಲಿ ಕಾನೂನು ಮಾಡಿತು. ಅಂಗಡಿಗೆ ಹೋಗಿ, ಮುಖ ತೋರಿಸಿ, ಐದು ಪೌಂಡಿನೊಳಗೆ ಒಂದು ಕಾರ್ಡ್ ಕೊಂಡುಕೊಳ್ಳುವ ಏರ್ಪಾಡೂ ತಯಾರಾಯಿತು. ನಮ್ಮೂರಿಗೆ ಬಂದರೆ ಹೇಗಿರುತ್ತೆ ಅಂತ ಲೆಕ್ಕ ಹಾಕಿ. ಬಸ್‌ಸ್ಟ್ಯಾಂಡಿನ ಪಕ್ಕ ಇರುವುದು ಒಂದೇ ಅಂಗಡಿ. ಅದು ನಮ್ಮ ಚಿಕ್ಕಪ್ಪನದ್ದು. ‘ಚಿಕ್ಕಪ್ಪ, ಕಾಲು ಕೇಜಿ ಬೆಲ್ಲ, ಒಂದು ಕಾರ್ಡ್.’ ಅಲ್ಲೂ ಅದು ನಡೆಯಲಿಲ್ಲ. ಯುರೋಪಿಯನ್ ಕಮಿಷನ್ನಿಗೆ ಒಂದು ಮಾತು ತಿಳಿಸಬೇಕಿತ್ತು, ಮರೆತರು. 2019ರಲ್ಲಿ ಮೊದಲು ಮುಂದೂಡಿದರು, ಆಮೇಲೆ ಕೈಬಿಟ್ಟರು. ಮತ್ತೆ ಹೊಸ ಕಾನೂನು ಮಾಡಿ 2025ರ ಜುಲೈ 25ರಿಂದ ವಯಸ್ಸಿನ ತಪಾಸಣೆ ಶುರು ಮಾಡಿದರು. ಆ ವಾರ ಅಲ್ಲಿ ಜನ ಮುಗಿಬಿದ್ದು ಇಳಿಸಿಕೊಂಡಿದ್ದು, ತಾವು ಯಾವ ದೇಶದಲ್ಲಿದ್ದೇವೆ ಅಂತ ಸೈಟಿಗೆ ಗೊತ್ತಾಗದ ಹಾಗೆ ಮರೆಮಾಚುವ ವಿಪಿಎನ್ ಆ್ಯಪ್‌ಗಳನ್ನು. ಮುಖ ನೋಡಿ ವಯಸ್ಸು ಹೇಳುವ ಕ್ಯಾಮೆರಾಕ್ಕೆ ಕೆಲವರು ವಿಡಿಯೊ ಗೇಮಿನ ಗಡ್ಡದ ಪಾತ್ರವೊಂದನ್ನು ತೋರಿಸಿದರು. ಕ್ಯಾಮೆರಾ ಒಪ್ಪಿಕೊಂಡಿತು.

ಸ್ಪೇನ್ 2024ರಲ್ಲಿ, ವಯಸ್ಸಿಗೆ ಪುರಾವೆಯಾಗಿ ಸೈಟಿಗೆ ತೋರಿಸುವ ಟೋಕನ್ ಕೊಡುವ ಸರ್ಕಾರಿ ಆ್ಯಪಿನ ಯೋಜನೆ ಮುಂದಿಟ್ಟಿತು. ಒಂದು ಕಟ್ಟು ಅಂದರೆ 30 ಟೋಕನ್, ಅವಧಿ ಒಂದು ತಿಂಗಳು, ಆಮೇಲೆ ಹೊಸ ಕಟ್ಟು. ಥೇಟ್ ನ್ಯಾಯಬೆಲೆ ಅಂಗಡಿ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಗೌಡರು ಆಗ ತಡೆಯಲಾರದೆ ಕೇಳಿದರು: ‘ಫೆಬ್ರವರಿಯಲ್ಲಿ ಎರಡು ಮಿಕ್ಕಿದ್ರೆ ಮಾರ್ಚಿಗೆ ಹಾಕ್ಕೊಡ್ತಾರಾ?’

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ.

ಅವರ ಸಂಬಂಧದ ಹುಡುಗಿಯೊಬ್ಬಳು ಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಯಾವನೋ ಅವಳ ಮುಖವನ್ನು ಬೇರೆ ಮೈಗೆ ಅಂಟಿಸಿ ಗ್ರೂಪಿಗೆ ಬಿಟ್ಟ. ಇಂಥ ದೂರು ಬಂದರೆ 24 ಗಂಟೆಯೊಳಗೆ ಕಂಪನಿ ಅದನ್ನು ತೆಗೆಯಬೇಕು ಅಂತ 2021ರ ಐಟಿ ನಿಯಮದಲ್ಲೇ ಇತ್ತು, 2026ರಲ್ಲಿ ಆ ಗಡುವು ಇನ್ನೂ ಕಡಿಮೆಯಾಯಿತು. ಹುಡುಗಿಗೆ ನಿಯಮ ಗೊತ್ತಿರಲಿಲ್ಲ, ದೂರು ಕೊಡಲು ಹೋದಳು. ಅಲ್ಲಿದ್ದವರು, ಫೋನಿನಲ್ಲಿ ತೋರಿಸಿದರೆ ಆಗಲ್ಲಮ್ಮ, ಪ್ರಿಂಟ್ ಬೇಕು, ಎರಡು ಸೆಟ್, ಕಲರ್ ಆದ್ರೆ ಒಳ್ಳೇದು ಅಂದರಂತೆ. ಪೇಟೆಯಲ್ಲಿ ಕಲರ್ ಪ್ರಿಂಟ್ ತೆಗೆಯುವ ಅಂಗಡಿ ಒಂದೇ. ಫೈಲನ್ನು ಅಂಗಡಿಯವನ ವಾಟ್ಸ್ಆ್ಯಪ್ ನಂಬರಿಗೆ ಕಳಿಸಬೇಕು. ಮುಂದೆ ನಾಲ್ಕು ಜನ ಪಹಣಿ ಹಿಡಿದು ಕ್ಯೂ ನಿಂತಿರುತ್ತಾರೆ.

‘ಕಳಿಸಿದ್ಲಾ?’ ಅಂತ ಭಟ್ಟರು ಕೇಳಿದರು.

‘ಎಲ್ಲಿ ಕಳಿಸ್ತಾಳೆ? ವಾಪಸ್ ಬಂದ್ಲು’ ಅಂದರು ಅಕ್ಕ. ‘ಎಂಟುನೂರು ಚಿಲ್ಲರೆ ಮುಚ್ಚಿದ್ರು ಅಂದ್ಯಲ್ಲ. ಅದಕ್ಕೆ ಯಾರಾದ್ರೂ ಪ್ರಿಂಟ್ ಕೊಟ್ಟಿದ್ರಾ?’

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹುಡುಗ ಒಳಗೆ ಬಂದ, ಸ್ಪೀಕರಿನಲ್ಲಿ ಭೀಷ್ಮ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಮುಂದುವರಿಸಿದ. ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಅವನಲ್ಲೂ ಉತ್ತರ ಇರಲಿಲ್ಲ. ಧರ್ಮ ಸೂಕ್ಷ್ಮ ಅಂತ ಎಳೆಯುತ್ತಿದ್ದ.

ಗೌಡರ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮಾತು ಮನೆಯವರೆಗೆ ಹೋಗಿತ್ತು. ಟಿಲ್ಲರ್ ನೋಡ್ತಿದ್ದೆ ಅಂತ ಅವರು ಅಲ್ಲೂ ಹೇಳಿದರು. ಹೇಳಿದ ಮೇಲೆ ತರದೆ ವಿಧಿಯಿರಲಿಲ್ಲ. ಸಬ್ಸಿಡಿಗೆ ಪಹಣಿ, ಆಧಾರ್, ಪಾಸ್‌ಬುಕ್, ಎರಡು ಫೋಟೊ, ನಾಲ್ಕು ಸಲ ಓಡಾಟ. ಬ್ರಿಟನ್ನಿನವರು ಆ ಸೈಟು ತೆರೆಯೋಕೂ ಇಷ್ಟು ಪುರಾವೆ ಕೇಳಲ್ಲ. ಮೊನ್ನೆ ಲಾರಿಯಲ್ಲಿ ಬಂತು. ಉಳೋಕೆ ಗದ್ದೆ ಇಲ್ಲದ ಕಾರಣ ಕೊಟ್ಟಿಗೆ ಪಕ್ಕ ನಿಂತಿದೆ. ಮಳೆಗೆ ತುಕ್ಕು ಹಿಡಿಯದಿರಲಿ ಅಂತ ಗೌಡರ ಹೆಂಡತಿಯೇ ತೀರ್ಥಹಳ್ಳಿಗೆ ಹೋಗಿ ಒಂದು ಟಾರ್ಪಾಲು ತಂದು ಹೊದಿಸಿದ್ದಾರೆ. ಅಂಗಡಿಯಲ್ಲಿ ಬೇರೆ ಬಣ್ಣವೂ ಇತ್ತಂತೆ. ಅವರು ನೀಲಿಯೇ ತಂದರು.